ಏಳು ಕಪ್, ಒಂದೇ ಊರು: ಬೆಂಗಳೂರು ಎಫ್‌ಸಿಯ ಮೊದಲ ದಶಕ

ಉತ್ತರ ಕನ್ನಡದ ಬೆಳಂಬಾರದಿಂದ ಗೋವಾದ ಮಡಗಾಂವಿನ ಫತೋರ್ಡಾ ಕ್ರೀಡಾಂಗಣಕ್ಕೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಅಂಕೋಲೆಯಲ್ಲಿ ಹೆದ್ದಾರಿ ಹಿಡಿದು, ಕಾರವಾರ ದಾಟಿ, ಕಾಳಿ ಸೇತುವೆ ಹಾದು ಮಾಜಾಳಿಯ ಗಡಿ ಬಿಟ್ಟರೆ ಫುಟ್‌ಬಾಲಿನ ನಾಡು ಶುರು. ಬೆಂಗಳೂರಿನ ಕಂಠೀರವ ಕ್ರೀಡಾಂಗಣವಾದರೋ ಬೆಳಂಬಾರಕ್ಕೆ ಐನೂರು ಕಿಲೋಮೀಟರಿನ ಆಸುಪಾಸು. ಬೆಂಗಳೂರು ಎಫ್‌ಸಿಯ (ಬಿಎಫ್‌ಸಿ) 2013ರಿಂದ 2023ರವರೆಗಿನ ಹತ್ತು ವರ್ಷವನ್ನು ಈ ಕರಾವಳಿಯಲ್ಲಿ ನಿಂತು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕ್ಲಬ್ಬಿನ ಹಣೆಬರಹ ಬರೆದ ರಾತ್ರಿಗಳಲ್ಲಿ ಹಲವು ನಡೆದದ್ದು ಗೋವಾದಲ್ಲಿ, ಇಲ್ಲವೇ ಗೋವಾದ ತಂಡಗಳ ಎದುರು. ಅಷ್ಟು ಹತ್ತಿರ ಬಂದು ಹೋದ ಕ್ಲಬ್ಬು ಕಾರವಾರ, ಅಂಕೋಲೆಗಳ ಕದ ತಟ್ಟಲಿಲ್ಲ. ಈ ದಶಕವನ್ನು ಅಳೆಯುವಾಗ ಎರಡನ್ನೂ ಒಟ್ಟಿಗೇ ಹೇಳಬೇಕು: ತಂಡ ಕಟ್ಟುವುದರಲ್ಲಿ ದೇಶಕ್ಕೇ ಮಾದರಿಯಾದ ಸಂಸ್ಥೆ, ರಾಜ್ಯದಲ್ಲಿ ಬೇರು ಬಿಡುವುದರಲ್ಲಿ ಹಿಂದೆ ಬಿತ್ತು.

ಮೊದಲು ಗೆದ್ದ ಕಥೆ. ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ಗೆ ನೇರ ಪ್ರವೇಶ ಕೊಡಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬಿಡ್ ಕರೆದಾಗ ಜೆಎಸ್‌ಡಬ್ಲ್ಯು ಸಮೂಹ ಮುಂದೆ ಬಂತು. 2013ರ ಜುಲೈ 20ರಂದು ಕ್ಲಬ್ ಅಧಿಕೃತವಾಗಿ ಹುಟ್ಟಿತು. ಬೆಂಗಳೂರಿಗೆ ಆಗ ಅದರ ಅಗತ್ಯ ನಿಜವಾಗಿಯೂ ಇತ್ತು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಎತ್ತಿದ ಊರದು. 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರ ಊರು. ಅಹ್ಮದ್ ಖಾನ್, ಕೆಂಪಯ್ಯ ಅವರಂಥ ಒಲಿಂಪಿಯನ್ನರನ್ನು ಕೊಟ್ಟ ಊರು. ಅಂಥ ಊರಿನಿಂದ ದೇಶದ ಅಗ್ರ ಲೀಗ್‌ನಲ್ಲಿ ಆಡುತ್ತಿದ್ದ ಎಚ್‌ಎಎಲ್ ತಂಡವೂ 2012ರಲ್ಲಿ ಕೆಳಕ್ಕೆ ಜಾರಿ, ಜಾಗ ಖಾಲಿಯಾಗಿತ್ತು.

ಆ ಜಾಗಕ್ಕೆ ಬಂದವರು ಇಂಗ್ಲೆಂಡಿನ ಕೋಚ್ ಆಶ್ಲಿ ವೆಸ್ಟ್‌ವುಡ್ ಮತ್ತು ನಾಯಕ ಸುನಿಲ್ ಚೆಟ್ರಿ. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ಎದುರು 1-1 ಡ್ರಾದೊಂದಿಗೆ ಆರಂಭವಾದ ಆ ಋತು 2014ರ ಏಪ್ರಿಲ್ 21ರಂದು ಫತೋರ್ಡಾದಲ್ಲಿ ಮುಗಿಯಿತೆನ್ನಬಹುದು. ಐದು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಡೆಂಪೊ ತಂಡವನ್ನು ಅದರ ಅಂಗಳದಲ್ಲೇ 4-2ರಿಂದ ಸೋಲಿಸಿ, ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದರು. ಒಂಬತ್ತು ತಿಂಗಳಾಗುವಷ್ಟರಲ್ಲಿ, 2015ರ ಜನವರಿಯಲ್ಲಿ, ಅದೇ ಮೈದಾನದಲ್ಲಿ ಅದೇ ಡೆಂಪೊವನ್ನು 2-1ರಿಂದ ಮಣಿಸಿ ಫೆಡರೇಷನ್ ಕಪ್ ತಂದರು. ಗೋವಾದ ಕ್ಲಬ್‌ಗಳು ದಶಕಗಳಿಂದ ಆಳಿದ್ದ ಆಟದಲ್ಲಿ ಅವರಿಗಿಂತ ಚುರುಕಾಗಿ ಓಡುವ, ತೊಂಬತ್ತನೇ ನಿಮಿಷದಲ್ಲೂ ದಣಿಯದ ತಂಡವೊಂದು ದಕ್ಷಿಣದ ಪಕ್ಕದ ರಾಜ್ಯದಿಂದ ಬಂದಿತ್ತು.

ಇದಕ್ಕೆ ದುಡ್ಡೊಂದೇ ಕಾರಣವೆಂದರೆ ತಪ್ಪಾಗುತ್ತದೆ. ಐ-ಲೀಗ್‌ನಲ್ಲಿ ದುಡ್ಡಿದ್ದ ಕ್ಲಬ್‌ಗಳು ಬೇರೆಯೂ ಇದ್ದವು. ಆಟಗಾರರ ಊಟ, ನಿದ್ದೆ, ದೈಹಿಕ ಕ್ಷಮತೆ, ವಿಶ್ರಾಂತಿ, ಎದುರಾಳಿಯ ವಿಡಿಯೊ ಅಧ್ಯಯನ ಇವೆಲ್ಲ ದಿನದ ಕೆಲಸವಾದದ್ದು ಇಲ್ಲಿ. ಅದರ ಜೊತೆಗೆ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ. ಕಂಠೀರವದ ಪಶ್ಚಿಮದ ಗ್ಯಾಲರಿಯಲ್ಲಿ ತೊಂಬತ್ತು ನಿಮಿಷವೂ ನಿಂತೇ ಹಾಡುವ ಹುಡುಗ ಹುಡುಗಿಯರು ಕ್ರಿಕೆಟ್ಟಿನ ನಗರದಲ್ಲಿ ಹೊಸದೊಂದು ಸಂಸ್ಕೃತಿ ಕಟ್ಟಿದರು. ಕ್ಲಬ್ಬು ಗಳಿಸಿದ್ದರಲ್ಲಿ ಕಪ್‌ಗಳಿಗಿಂತ ಬೆಲೆಯುಳ್ಳದ್ದು ಇದೇ ಇರಬಹುದು.

ಆಟದ ವಿಮರ್ಶೆಗೆ ಬಂದರೆ, ಈ ದಶಕವನ್ನು ಮೂರು ಕಾರ್ನರ್ ಕಿಕ್‌ಗಳ ಮೂಲಕ ಓದಬಹುದು. ಮೊದಲನೆಯದು 2015ರ ಮೇ 31ರದು. ಐ-ಲೀಗಿನ ಕೊನೆಯ ದಿನ ಮೋಹನ್ ಬಾಗಾನ್ ವಿರುದ್ಧ ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ, ಡ್ರಾ ಆದರೆ ಬಾಗಾನ್‌ಗೆ. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದ ತಂಡ 87ನೇ ನಿಮಿಷದಲ್ಲಿ ಒಂದು ಕಾರ್ನರ್ ಬಿಟ್ಟುಕೊಟ್ಟಿತು. ಬೆಲ್ಲೊ ರಜಾಕ್ ತಲೆ ಕೊಟ್ಟರು, 1-1, ಟ್ರೋಫಿ ಕೋಲ್ಕತ್ತಕ್ಕೆ ಹೋಯಿತು. ಎರಡನೆಯದು 2018ರ ಮಾರ್ಚ್ 17ರದು. ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಸೇರಿದ ಮೊದಲ ವರ್ಷವೇ 40 ಪಾಯಿಂಟ್‌ಗಳೊಂದಿಗೆ ಪಟ್ಟಿಯ ತುದಿಯಲ್ಲಿದ್ದ ಬಿಎಫ್‌ಸಿ, ತುಂಬಿದ ಕಂಠೀರವದಲ್ಲಿ ಫೈನಲ್ ಆಡಿತು. ಒಂಬತ್ತನೇ ನಿಮಿಷಕ್ಕೇ ಚೆಟ್ರಿ ಗೋಲು. ಆಮೇಲೆ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ಕಾರ್ನರ್‌ನಿಂದ ಬಂದ ಚೆಂಡಿಗೆ ಒಮ್ಮೆಯಲ್ಲ, ಎರಡು ಬಾರಿ ತಲೆ ಕೊಟ್ಟು ಗೋಲಾಗಿಸಿದರು. ಕೊನೆಗೆ 2-3. ಚೆಂಡು ತಮ್ಮ ಕಾಲಲ್ಲಿದ್ದಾಗ ಅಷ್ಟು ಚೆನ್ನಾಗಿ ಯೋಚಿಸುತ್ತಿದ್ದ ತಂಡ, ಚೆಂಡು ತಮ್ಮ ಪೆಟ್ಟಿಗೆಯ ಮೇಲೆ ತೂಗಿ ಬಂದಾಗ ಗಲಿಬಿಲಿಗೊಳ್ಳುತ್ತಿತ್ತು.

ಮೂರನೆಯದು ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ. ಮತ್ತೆ ಐಎಸ್‌ಎಲ್ ಫೈನಲ್, ಎದುರಾಳಿ ಎಫ್‌ಸಿ ಗೋವಾ. ನಿಗದಿತ ಅವಧಿ ಗೋಲಿಲ್ಲದೆ ಮುಗಿದು, ಹೆಚ್ಚುವರಿ ಅವಧಿಯೂ ಪೆನಾಲ್ಟಿಯತ್ತ ಸಾಗಿತ್ತು. 117ನೇ ನಿಮಿಷ. ಡಿಮಾಸ್ ಡೆಲ್ಗಾಡೊ ತೆಗೆದ ಕಾರ್ನರ್ ಪೆಟ್ಟಿಗೆಯೊಳಕ್ಕೆ ಬಾಗಿ ಬಂತು. ಕಾವಲಿನಿಂದ ಕಳಚಿಕೊಂಡು ಮೇಲೆದ್ದ ರಾಹುಲ್ ಭೆಕೆ ಹಣೆಯಿಂದ ಅದನ್ನು ತಿರುಗಿಸಿದರು. ಚೆಂಡು ಕಂಬಕ್ಕೆ ತಾಗಿ ಒಳಗೆ ಹೋಯಿತು. ಲೀಗ್ ಪಟ್ಟಿಯಲ್ಲಿ ಮೊದಲಿದ್ದು ಫೈನಲನ್ನೂ ಗೆದ್ದ ಮೊದಲ ತಂಡ ಎಂಬ ಹೆಸರು ಬಂತು. ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಅವರ ಆ ತಂಡ ನೋಡುವುದಕ್ಕೆ ಹಿಂದಿನ ವರ್ಷದ್ದರಷ್ಟು ಚೆಂದವಿರಲಿಲ್ಲ. ಸೆಟ್‌ಪೀಸ್ ನಂಬಿ, ರಕ್ಷಣೆ ಬಿಗಿ ಮಾಡಿಕೊಂಡು ಆಡುತ್ತಿತ್ತು. ಆದರೆ ಸೋತ ಜಾಗವನ್ನೇ ಹುಡುಕಿ ರಿಪೇರಿ ಮಾಡಿದ ತಂಡವದು. ಆ ಗುಣ ಭಾರತೀಯ ಕ್ಲಬ್‌ಗಳಲ್ಲಿ ಅಪರೂಪ.

ಇವುಗಳ ನಡುವೆ ಏಷ್ಯಾದ ಕ್ಲಬ್‌ಗಳ 2016ರ ಎಎಫ್‌ಸಿ ಕಪ್ ಇದೆ. ಏಪ್ರಿಲಿನಲ್ಲಿ ಗೋವಾದ ಸಾಲ್ಗಾಂವ್ಕರ್ ತಂಡವನ್ನು 2-0ರಿಂದ ಸೋಲಿಸಿ ಎರಡನೇ ಐ-ಲೀಗ್ ಗೆದ್ದಿದ್ದ ತಂಡ, ಅಕ್ಟೋಬರ್ 19ರಂದು ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಹೊರಗಟ್ಟಿತು. ಈ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಇದೇ. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ 0-1ರಿಂದ ಸೋತರೂ, ಕೋಚ್ ಆಲ್ಬರ್ಟ್ ರೋಕಾ ಫೈನಲ್‌ವರೆಗೆ ನಡೆಸಿದ ಆ ತಂಡ ದಶಕದ ಅತ್ಯುತ್ತಮ ತಂಡವೆಂದು ಧೈರ್ಯವಾಗಿ ಹೇಳಬಹುದು. ಮರುವರ್ಷದ ಫೆಡರೇಷನ್ ಕಪ್, 2018ರ ಸೂಪರ್ ಕಪ್‌ಗಳೂ ಅವರ ಅವಧಿಯವೇ.

ಇಳಿಜಾರು 2020ರ ನಂತರದ್ದು. ಕೋವಿಡ್ ಕಾಲದಲ್ಲಿ ಐಎಸ್‌ಎಲ್ ಇಡಿಯಾಗಿ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಗ್ಯಾಲರಿಯ ಬಲ ಕಳೆದುಕೊಂಡ ತಂಡ 2020-21ರಲ್ಲಿ ಏಳನೇ ಸ್ಥಾನಕ್ಕೆ ಕುಸಿಯಿತು, ಋತುವಿನ ಮಧ್ಯೆಯೇ ಕ್ವಾಡ್ರಾಟ್ ಹೊರನಡೆದರು. 2021ರ ಮೇನಲ್ಲಿ ಎಎಫ್‌ಸಿ ಕಪ್‌ಗಾಗಿ ಮಾಲ್ಡೀವ್ಸ್‌ಗೆ ಹೋಗಿದ್ದ ತಂಡದವರು ಕೋವಿಡ್ ನಿಯಮ ಮುರಿದರು. ಅಲ್ಲಿನ ಸರ್ಕಾರ ದೇಶ ಬಿಡುವಂತೆ ಹೇಳಿತು, ಮಾಲೀಕ ಪಾರ್ಥ್ ಜಿಂದಾಲ್ ಬಹಿರಂಗವಾಗಿ ಕ್ಷಮೆ ಕೇಳಿದರು. ಶಿಸ್ತನ್ನೇ ಹೆಸರಾಗಿಸಿಕೊಂಡ ಕ್ಲಬ್ಬಿಗೆ ಅದು ಯಾವ ಸೋಲಿಗಿಂತಲೂ ದೊಡ್ಡ ಪೆಟ್ಟು. ಮತ್ತೆ ಎದ್ದದ್ದು ಕೋಚ್ ಸೈಮನ್ ಗ್ರೇಸನ್ ಬಂದ ಮೇಲೆ. 2022ರ ಸೆಪ್ಟೆಂಬರಿನಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್, ಅಂದರೆ ಏಳನೇ ಕಪ್. ಆಮೇಲೆ ಲೀಗಿನ ಕೊನೆಯ ಎಂಟು ಪಂದ್ಯಗಳಲ್ಲಿ ಸತತ ಗೆಲುವು. 2023ರ ಮಾರ್ಚ್ 18ರ ಐಎಸ್‌ಎಲ್ ಫೈನಲ್ ನಡೆದದ್ದು ಮತ್ತದೇ ಫತೋರ್ಡಾದಲ್ಲಿ. ಎಟಿಕೆ ಮೋಹನ್ ಬಾಗಾನ್ ವಿರುದ್ಧ 2-2 ಆಗಿ, ಪೆನಾಲ್ಟಿಯಲ್ಲಿ 3-4ರಿಂದ ಸೋಲು.

ಅದೇ ಮಾರ್ಚಿನ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮೂರನೇ ತಾರೀಖು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟಿಕೊಳ್ಳುವ ಮೊದಲೇ ಚೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ಕೇರಳದವರು ಮೈದಾನ ಬಿಟ್ಟು ನಡೆದರು, ದೇಶವೆಲ್ಲ ಅದನ್ನೇ ಚರ್ಚಿಸಿತು. ಮರುದಿನ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವೆಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದದ್ದೇ ಹಿಂದಿನದು. 54 ವರ್ಷ ಕಾದ ಗೆಲುವಿದು. ಅದಕ್ಕೆ ಸಿಕ್ಕ ಗಮನ, ಹಿಂದಿನ ರಾತ್ರಿಯ ಜಗಳಕ್ಕೆ ಸಿಕ್ಕದ್ದರ ಹತ್ತಿರಕ್ಕೂ ಬರಲಿಲ್ಲ. ರಾಜ್ಯದ ಫುಟ್‌ಬಾಲೂ ರಾಜ್ಯದ ಅತಿ ದೊಡ್ಡ ಕ್ಲಬ್ಬೂ ಎರಡು ಬೇರೆ ಹಳಿಗಳ ಮೇಲೆ ಓಡುತ್ತಿದ್ದವು. ಬಿಎಫ್‌ಸಿಯ ದೊಡ್ಡ ರಾತ್ರಿಗಳ ಹೆಸರುಗಳನ್ನು ನೆನೆದರೂ ಇದು ತಿಳಿಯುತ್ತದೆ: ಮಣಿಪುರದ ಉದಾಂತ ಸಿಂಗ್, ಕೇರಳದ ಸಿ.ಕೆ. ವಿನೀತ್, ಪಂಜಾಬಿನ ಗುರುಪ್ರೀತ್ ಸಿಂಗ್ ಸಂಧು, ಮುಂಬೈಯ ಭೆಕೆ, ತಮಿಳುನಾಡಿನ ಶಿವಶಕ್ತಿ. ವೃತ್ತಿಪರ ಕ್ಲಬ್ ಎಲ್ಲಿಂದಲಾದರೂ ಆಟಗಾರರನ್ನು ತರಲಿ, ಅದರಲ್ಲಿ ತಪ್ಪಿಲ್ಲ. ಆದರೆ ಹತ್ತು ವರ್ಷದಲ್ಲಿ ಆ ಸಾಲಿಗೆ ಕಾರವಾರದ, ಬೆಳಗಾವಿಯ, ಮಂಗಳೂರಿನ ಒಂದು ಹೆಸರೂ ಸೇರಲಿಲ್ಲವೆಂಬುದು ಲೆಕ್ಕಕ್ಕೆ ಬರಲೇಬೇಕು.

ಗೋವಾದ ಅನುಭವ ಇಲ್ಲಿ ಪಾಠವಾಗಬೇಕಿತ್ತು. ಲೀಗುಗಳ ಹೊಸ ವ್ಯವಸ್ಥೆಗೆ ಬೇಸತ್ತು 2016ರಲ್ಲಿ ಸಾಲ್ಗಾಂವ್ಕರ್, ಸ್ಪೋರ್ಟಿಂಗ್, ಡೆಂಪೊ ಮೂರೂ ಐ-ಲೀಗ್ ಬಿಟ್ಟವು. ಆದರೂ ಗೋವಾದಲ್ಲಿ ಆಟ ಸಾಯಲಿಲ್ಲ. ಕಾರಣ ಅಲ್ಲಿ ಊರೂರಿಗೆ ಮೈದಾನ, ಇಗರ್ಜಿಯ ಅಂಗಳದಲ್ಲಿ ಟೂರ್ನಿ, ಕೆಳಗಿನ ಡಿವಿಷನ್‌ಗಳ ಲೀಗ್ ಇವೆ. ಬಿಎಫ್‌ಸಿಯ ಬುಡದಲ್ಲಿ ಅಂಥ ಮಣ್ಣು ತೆಳು. ತವರೆಂದು ಕರೆದ ಕಂಠೀರವವೂ ಅದರದ್ದಲ್ಲ. ಆ ಕ್ರೀಡಾಂಗಣವನ್ನು ಫುಟ್‌ಬಾಲಿಗೆ ಕೊಟ್ಟದ್ದರ ವಿರುದ್ಧ ಅಥ್ಲೀಟ್‌ಗಳ ತಕರಾರು ನ್ಯಾಯಾಲಯದ ಮೆಟ್ಟಿಲೇರಿದಾಗ ಅದು ಸ್ಪಷ್ಟವಾಯಿತು.

ಕ್ಲಬ್ಬು ಏನೂ ಮಾಡಲಿಲ್ಲವೆಂದಲ್ಲ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ, ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯ ಪಕ್ಕದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ, ವಸತಿ ಅಕಾಡೆಮಿ ನಡೆಸಿದೆ. ಅದರ ಕಿರಿಯರು 2022, 2023 ಎರಡೂ ವರ್ಷ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಗೆದ್ದರು. ಹುಡುಗರನ್ನು ಆಟಗಾರರನ್ನಾಗಿ ಮಾಡುವ ವಿದ್ಯೆ ಇವರಿಗೆ ಗೊತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಗಿರುವಾಗ ಆ ಬಾಗಿಲು ಉತ್ತರ ಕನ್ನಡದ ಕಡೆಗೂ ತೆರೆಯಬೇಕೆಂದು ಕೇಳುವುದು ಹೆಚ್ಚಿನ ಬೇಡಿಕೆಯಲ್ಲ.

ಅಂಕೋಲೆಯ ಕರಾವಳಿಗೆ ಜೆಎಸ್‌ಡಬ್ಲ್ಯು ಎಂಬ ಹೆಸರು ಈಗ ಬೇರೊಂದು ದಾರಿಯಿಂದ ಬಂದಿದೆ. ಕೇಣಿಯಲ್ಲಿ ವಾಣಿಜ್ಯ ಬಂದರು ಕಟ್ಟುವ ಗುತ್ತಿಗೆ 2023ರ ಕೊನೆಗೆ ಅದೇ ಸಮೂಹದ ಕಂಪನಿಗೆ ಸಿಕ್ಕಿತು. ಯೋಜನೆಯ ಅಂದಾಜು 4,119 ಕೋಟಿ ರೂಪಾಯಿ, ಮೀನುಗಾರರ ವಿರೋಧ ಜೋರಾಗಿದೆ. ಬಂದರಿನ ನ್ಯಾಯ ಅನ್ಯಾಯದ ಮಾತು ಬೇರೆಯೇ. ಅದನ್ನು ಆಟದ ಆಮಿಷ ತೋರಿಸಿ ಮುಚ್ಚುವುದೂ ಸಲ್ಲ. ಆದರೆ ಬೆಳಂಬಾರ, ಹಾರವಾಡದ ಮಕ್ಕಳಿಗೆ ರಾಜ್ಯದ ಕ್ಲಬ್ಬು ಕೊಡಬೇಕಾದದ್ದು ಬಂದರಿಗೆ ಹತ್ತು ವರ್ಷ ಮೊದಲೇ ಬಾಕಿ ಇತ್ತು: ಕಾರವಾರದ ಮಾಲಾದೇವಿ ಮೈದಾನದಲ್ಲಿ ವರ್ಷಕ್ಕೊಂದು ಆಯ್ಕೆ ಶಿಬಿರ, ಅಂಕೋಲೆಯ ಪಿಇ ಮಾಸ್ತರುಗಳಿಗೆ ಕೋಚಿಂಗ್ ಲೈಸೆನ್ಸಿನ ತರಬೇತಿ, ಗೋವಾಕ್ಕೆ ಆಡಲು ಬಂದಾಗ ಕಿರಿಯರ ತಂಡದಿಂದ ಗಡಿಯ ಈಚೆ ಒಂದು ಸೌಹಾರ್ದ ಪಂದ್ಯ. ಏಳು ಕಪ್ ಗೆದ್ದ ಸಂಸ್ಥೆಯ ಒಂದು ಋತುವಿನ ಖರ್ಚಿನಲ್ಲಿ ಇವು ಮೂರೂ ಸಣ್ಣ ಬಾಬ್ತುಗಳು, ಎರಡನೇ ದಶಕದ ಲೆಕ್ಕಪತ್ರದಲ್ಲಿ ಮೊದಲು ಹುಡುಕಬೇಕಾದವೂ ಇವೇ.