ತಾಯಿ ಕಾರ್ಡಿನಲ್ಲಿ ಕಾಲಂ ಇಲ್ಲದ ಪ್ರಶ್ನೆ

ಗರ್ಭಿಣಿಯರ ಸಕ್ಕರೆ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸನ್ನು ನೀರಿಗೆ ಬೆರೆಸಿ ಕುಡಿಸುತ್ತಾರೆ. ಕುಡಿದು ಎರಡು ಗಂಟೆ ಕಾಯಬೇಕು, ಆಮೇಲೆ ರಕ್ತ ತೆಗೆಯುತ್ತಾರೆ. ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. ಬಾಯೆಲ್ಲ ಸಿಹಿ, ಹೊಟ್ಟೆಯಲ್ಲಿ ತೊಳಸು, ದೂರ ಹೋಗುವಂತಿಲ್ಲ, ಪಕ್ಕದಲ್ಲಿ ಅದೇ ಲೋಟ ಮುಗಿಸಿ ಕೂತ ಇನ್ನೊಬ್ಬ ಬಸುರಿ. ಒಬ್ಬರನ್ನೊಬ್ಬರು ಅರಿಯುವ ಮಾತುಕತೆಯನ್ನೇ ವಾರವಾರ ಹಿಡಿದು ನೋಡುವ ಈ ಅಂಕಣಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಹುಡುಕುವುದು ಕಷ್ಟ. ಊರು, ಜಾತಿ, ಸಂಬಳ, ಓದು ಎಲ್ಲವೂ ಬೇರೆ ಇರಬಹುದಾದ ಇಬ್ಬರು ಹೆಂಗಸರ ಮೈಯಲ್ಲಿ ಒಂದೇ ಕಾಲಕ್ಕೆ ಒಂದೇ ಕೆಲಸ ನಡೆಯುತ್ತಿದೆ, ಇಬ್ಬರಿಗೂ ಬೇಕಾದಷ್ಟು ಹೊತ್ತಿದೆ. ಆದರೂ ಬಹಳ ಸಲ ಮಾತು ನಾಲ್ಕು ಪ್ರಶ್ನೆಗೆ ನಿಂತುಬಿಡುತ್ತದೆ: ಎಷ್ಟನೇ ತಿಂಗಳು, ಮೊದಲನೇದಾ, ಡೇಟ್ ಯಾವಾಗ ಕೊಟ್ಟಿದ್ದಾರೆ, ಯಾವ ಡಾಕ್ಟರು. ಉತ್ತರ ಬಂತು, ಮಾತು ಮುಗಿಯಿತು, ಮೊಬೈಲ್ ಕೈಗೆ ಬಂತು. ಸಂಕೋಚವೇ ಇದಕ್ಕೆ ಕಾರಣ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕೇಳಿದ ಪ್ರಶ್ನೆಗಳೇ ಮಾತನ್ನು ಮುಗಿಸುವಂಥವು.

ಆ ಪ್ರಶ್ನೆಗಳು ಎಲ್ಲಿಂದ ಬಂದವು ಎಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿದ ಗರ್ಭಿಣಿಗೆ ತಾಯಿ ಕಾರ್ಡ್ ಕೊಡುತ್ತಾರೆ. ಕೊನೆಯ ಮುಟ್ಟಿನ ದಿನ, ಹೆರಿಗೆಯ ಅಂದಾಜು ದಿನ, ಇದು ಎಷ್ಟನೆಯ ಬಸಿರು, ಹಿಂದಿನ ಹೆರಿಗೆಗಳು, ಬದುಕಿರುವ ಮಕ್ಕಳು, ಗರ್ಭಪಾತ, ತೂಕ, ಬಿಪಿ, ರಕ್ತದ ಗುಂಪು, ಹಿಮೋಗ್ಲೋಬಿನ್, ಎಲ್ಲವೂ ಅಲ್ಲಿ ದಾಖಲಾಗುತ್ತವೆ. ವೈದ್ಯರಿಗೂ ಆಶಾ ಕಾರ್ಯಕರ್ತೆಗೂ ಇವು ಬೇಕೇ ಬೇಕು. ಹಿಂದಿನ ಹೆರಿಗೆ ಸಿಸೇರಿಯನ್ ಆಗಿತ್ತು ಎಂಬ ಒಂದು ಸಾಲಿನಿಂದಲೇ ಈ ಸಲ ಯಾವ ಆಸ್ಪತ್ರೆಗೆ ಹೋಗಬೇಕೆಂಬುದು ತೀರ್ಮಾನವಾಗಬಹುದು. ಪಕ್ಕದಲ್ಲಿ ಕೂತವರಿಗೆ ಆ ಹೊಣೆಯೂ ಇಲ್ಲ, ಆ ಹಕ್ಕೂ ಇಲ್ಲ. ಆದರೂ ಬಾಯಿ ತೆರೆದರೆ ಬರುವುದು ಕಾರ್ಡಿನ ಕಾಲಂಗಳೇ. ನನ್ನ ವಾದ ಇಷ್ಟು: ಇನ್ನೊಬ್ಬ ಗರ್ಭಿಣಿಯನ್ನು ಅರಿಯಬೇಕಾದರೆ ಕಾರ್ಡಿನಲ್ಲಿ ಕಾಲಂ ಇಲ್ಲದ್ದನ್ನು ಕೇಳಬೇಕು. ಎಷ್ಟನೇ ತಿಂಗಳು ಎಂಬುದನ್ನು ಮಾತ್ರ ಇದರಿಂದ ಬಿಡಬಹುದು. ಅದು ಮಾತಿಗೆ ಕದ ತೆರೆಯುತ್ತದೆ, ಇಬ್ಬರದೂ ಒಂದೇ ತಿಂಗಳು ಎಂದು ಗೊತ್ತಾದರೆ ಅರ್ಧ ನೆಂಟಸ್ತಿಕೆ ಬೆಳೆದಂತೆಯೇ. ಉಳಿದವನ್ನು ಅವರಾಗಿ ಹೇಳುವವರೆಗೆ ಬಿಡುವುದು ಮೇಲು.

‘ಮೊದಲನೇದಾ?’ ಎಂಬುದರಲ್ಲಿ ಏನು ತಪ್ಪು ಎಂದು ಕೇಳುವವರಿದ್ದಾರೆ. ಗೊತ್ತಾದ ಬಸಿರುಗಳಲ್ಲೇ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ನಿಲ್ಲದೆ ಹೋಗುತ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲಿ. ಹಾಗೆ ಕಳೆದುಕೊಂಡ ಹೆಂಗಸು ಈ ಪ್ರಶ್ನೆಗೆ ಏನು ಹೇಳಬೇಕು? ಹೌದು ಎಂದರೆ ಆಗಿಹೋದದ್ದನ್ನು ಮುಚ್ಚಿದಂತೆ, ಅಲ್ಲ ಎಂದರೆ ‘ಮತ್ತೆ ದೊಡ್ಡದು ಏನು ಓದ್ತಿದೆ?’ ಎಂಬ ಮುಂದಿನ ಪ್ರಶ್ನೆ ಕಾದಿರುತ್ತದೆ. ಕೇಳಿದವರಿಗೆ ಹೊತ್ತು ಕಳೆಯುವ ಮಾತು, ಕೇಳಿಸಿಕೊಂಡವರಿಗೆ ಮನೆಗೆ ಹೋದ ಮೇಲೂ ಇಳಿಯದ ಭಾರ. ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಎಂದು ಊಹಿಸುವ ಮಾತಂತೂ ಇನ್ನೂ ಕೆಟ್ಟದ್ದು. ಭ್ರೂಣದ ಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ, ಸ್ಕ್ಯಾನಿಂಗ್ ಕೋಣೆಯ ಹೊರಗೆ ಆ ಫಲಕವೂ ತೂಗುತ್ತಿರುತ್ತದೆ. ಮೊದಲೆರಡು ಹೆಣ್ಣಾಗಿ ಮೂರನೆಯದಕ್ಕೆ ಕೂತವಳಿಗೆ ಮನೆಯಲ್ಲಿ ದಿನವೂ ಬೀಳುವ ಮಾತನ್ನೇ ಅದೇ ಫಲಕದ ಕೆಳಗೆ ಕೂತು ಹೊರಗಿನವರೂ ಆಡಿದಂತಾಗುತ್ತದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡಿಗರಿಗೆ ಲಿಂಗ ತಿಳಿಯುವುದು ಕಾನೂನುಬಾಹಿರವಲ್ಲ, ನಿಜ. ಅಲ್ಲಿಯೂ ಆ ಪ್ರಶ್ನೆಯ ಉತ್ತರ ಮಗುವಿಗೆ ಸಂಬಂಧಿಸಿದ್ದು, ಎದುರಿಗೆ ಕೂತ ಹೆಂಗಸಿನ ಬಗ್ಗೆ ಅದು ಏನನ್ನೂ ತಿಳಿಸುವುದಿಲ್ಲ.

ಹಾಗಾದರೆ ಕೇಳುವುದೇನು? ನಮ್ಮ ಹಿರಿಯ ಹೆಂಗಸರು ಇದಕ್ಕೊಂದು ಸೊಗಸಾದ ಪ್ರಶ್ನೆಯನ್ನು ಕಟ್ಟಿಕೊಟ್ಟು ಹೋಗಿದ್ದಾರೆ: ಏನು ಬಯಕೆ? ‘ಏನು ತಿನ್ಬೇಕು ಅನ್ಸುತ್ತೆ?’ ಎಂದು ಕೇಳಿದಾಗ ಅಲ್ಲಿ ಪರೀಕ್ಷೆಯಿಲ್ಲ, ತಪ್ಪು ಉತ್ತರವಿಲ್ಲ, ನಾಚುವ ಕಾರಣವೂ ಇಲ್ಲ. ಬಸುರಿಯಾದ ದಿನದಿಂದ ಏನು ತಿನ್ನಬೇಕು, ಏನು ತಿನ್ನಬಾರದು ಎಂಬುದನ್ನೇ ಕೇಳಿ ದಣಿದವಳನ್ನು ಮೊದಲ ಸಲ ಯಾರೋ ನಿನ್ನ ಮನಸ್ಸಿಗೆ ಏನು ಬೇಕು ಎಂದು ಕೇಳುತ್ತಿದ್ದಾರೆ. ಉತ್ತರ ಎಂದೂ ತಿಂಡಿಯ ಹೆಸರಿಗೆ ನಿಲ್ಲುವುದಿಲ್ಲ. ಉಪ್ಪು ಖಾರ ಹಚ್ಚಿದ ತೋತಾಪುರಿ ಎಂದರೆ ಶಾಲೆಯ ಗೇಟು ಬರುತ್ತದೆ, ಅಜ್ಜಿ ಮಾಡುತ್ತಿದ್ದ ಹುರುಳಿ ಸಾರು ಎಂದರೆ ಊರು ಬರುತ್ತದೆ, ಇಲ್ಲಿನ ಮನೆಯಲ್ಲಿ ಅದನ್ನು ಮಾಡುವವರಿಲ್ಲ ಎಂಬ ಸಂಗತಿಯೂ ಅದರ ಹಿಂದೆಯೇ ಬರುತ್ತದೆ. ಜೊತೆಗೆ ಇನ್ನೊಂದು ಗುಣವಿದೆ. ಕೆಲವರಿಗೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಆಸೆ ಹುಟ್ಟುತ್ತದೆ. ಡಾಕ್ಟರ ಮುಂದೆ ಹೇಳಲು ನಾಚಿಕೆ. ಕಬ್ಬಿಣಾಂಶದ ಕೊರತೆಗೂ ಈ ಆಸೆಗೂ ನಂಟಿದೆ, ಹಾಗಾಗಿ ಅದು ವೈದ್ಯರ ಕಿವಿಗೆ ಬೀಳಲೇಬೇಕಾದ ವಿಷಯ. ‘ನಂಗೂ ಬಳಪ ನೋಡಿದ್ರೆ ಹಾಗೇ ಆಗುತ್ತೆ, ಇವತ್ತು ಇಬ್ರೂ ಹೇಳೋಣ’ ಎನ್ನುವ ಜೊತೆಗಾತಿ ಸಿಕ್ಕರೆ ಆ ನಾಚಿಕೆ ಕಳೆಯುವುದು ಸುಲಭ.

ಬಯಕೆಯ ಪ್ರಶ್ನೆಯ ಬಲ ಅದು ತಿರುಗಿ ಬರುವುದರಲ್ಲಿದೆ: ‘ನಿಮಗೆ?’ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಅವರ ಜೊತೆಗಾರರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತರನ್ನು ಇಬ್ಬಿಬ್ಬರಾಗಿ ಕೂರಿಸಿ, ಹಗುರದಿಂದ ಆಳಕ್ಕೆ ಇಳಿಯುವ 36 ಪ್ರಶ್ನೆಗಳನ್ನು ಸುಮಾರು ಮುಕ್ಕಾಲು ಗಂಟೆಯಲ್ಲಿ ಪರಸ್ಪರ ಕೇಳಿಸಿದರು. ಬರೀ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಇವರಲ್ಲಿ ಆಪ್ತತೆ ಹೆಚ್ಚಿತ್ತು. ಅಲ್ಲಿ ಗಮನಿಸಬೇಕಾದದ್ದು ಪ್ರಶ್ನೆಯ ಆಳಕ್ಕಿಂತ ಎರಡು ನಿಯಮಗಳನ್ನು: ಹಂತಹಂತವಾಗಿ ಇಳಿಯಬೇಕು, ಕೇಳಿದವರೂ ಅದೇ ಪ್ರಶ್ನೆಗೆ ಉತ್ತರಿಸಬೇಕು. 2017ರಲ್ಲಿ ಹಾರ್ವರ್ಡ್‌ನ ಕ್ಯಾರೆನ್ ಹುವಾಂಗ್ ಮತ್ತು ಸಂಗಡಿಗರು ಕಂಡುಕೊಂಡದ್ದು ಇದಕ್ಕೆ ಪೂರಕವಾಗಿದೆ. ಹೆಚ್ಚು ಪ್ರಶ್ನೆ ಕೇಳುವವರನ್ನು ಜನ ಹೆಚ್ಚು ಮೆಚ್ಚುತ್ತಾರೆ, ಅದರಲ್ಲೂ ಬಂದ ಉತ್ತರವನ್ನೇ ಹಿಡಿದು ಮುಂದಕ್ಕೆ ಕೇಳುವವರನ್ನು. ಕಾರ್ಡಿನ ಪ್ರಶ್ನೆಗಳು ಸೋಲುವುದು ಇಲ್ಲೇ. ‘ಒ ಪಾಸಿಟಿವ್’ ಎಂಬ ಉತ್ತರ ಹಿಡಿದು ಮುಂದೇನು ಕೇಳುವುದು? ‘ಅಜ್ಜಿ ಮಾಡೋ ಹುರುಳಿ ಸಾರು’ ಎಂಬುದಕ್ಕಾದರೆ ಹತ್ತು ಪ್ರಶ್ನೆ ಹುಟ್ಟುತ್ತವೆ.

‘ಹೇಗಿದ್ದೀರಾ?’ ಎಂದು ಪ್ರೀತಿಯಿಂದಲೇ ಕೇಳುವವರೂ ‘ಚೆನ್ನಾಗಿದ್ದೀನಿ’ ಎಂಬ ಉತ್ತರಕ್ಕೆ ಬಂದು ನಿಲ್ಲುತ್ತಾರೆ. 1987ರಲ್ಲಿ ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ರೂಪುಗೊಂಡು ಈಗ ಗರ್ಭಿಣಿಯರಿಗೂ ಬಳಕೆಯಾಗುವ, ಕನ್ನಡಕ್ಕೂ ಬಂದಿರುವ ಎಡಿನ್‌ಬರ್ಗ್ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆಗಳಿವೆ, ಎಲ್ಲವೂ ಕಳೆದ ಏಳು ದಿನಗಳ ಕುರಿತು. ಕಾಲವನ್ನು ಕಿರಿದು ಮಾಡಿದರೆ ಉತ್ತರ ನಿಜವಾಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ. ಗೆಳತಿ ಮನೋವೈದ್ಯೆಯಾಗುವುದು ಬೇಡ, ಆದರೆ ಈ ಕ್ರಮವನ್ನು ಕಲಿಯಬಹುದು. ‘ನಿನ್ನೆ ರಾತ್ರಿ ನಿದ್ದೆ ಬಂತಾ?’ ಎನ್ನಿ, ಎಡಮಗ್ಗುಲ ಸಂಕಟದಿಂದ ಹಿಡಿದು ಎದೆ ಉರಿಯವರೆಗೆ ಎಲ್ಲ ಹೊರಬರುತ್ತದೆ. ‘ಆ ಕಬ್ಬಿಣದ ಮಾತ್ರೆ ನಿಮಗೆ ಒಗ್ಗಿತಾ?’ ಎಂಬುದೂ ನನಗೆ ಬಹಳ ಇಷ್ಟವಾದ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಇದೆ. ಮಾತ್ರೆಯನ್ನು 180 ದಿನ ನುಂಗಬೇಕು, ಆದರೆ ವಾಕರಿಕೆ, ಮಲಬದ್ಧತೆ, ಮಲ ಕಪ್ಪಾಗುವ ಗಾಬರಿಗೆ ಎಷ್ಟೋ ಜನ ನಡುವೆ ಬಿಟ್ಟುಬಿಡುತ್ತಾರೆ. ನರ್ಸ್ ಕೇಳಿದರೆ ‘ತಗೊಳ್ತಿದ್ದೀನಿ’ ಎನ್ನುತ್ತಾರೆ. ತನಗೂ ಅದೇ ಪಾಡು ಇರುವವಳು ಕೇಳಿದರೆ ಸತ್ಯ ಹೇಳುತ್ತಾರೆ.

ಒಂದೇ ವಿಷಯವನ್ನು ಕೇಳುವ ಎರಡು ರೀತಿಗಳ ನಡುವೆಯೂ ಎಷ್ಟು ವ್ಯತ್ಯಾಸ! ‘ಬಾಣಂತನಕ್ಕೆ ತವರಿಗೆ ಯಾವಾಗ ಹೋಗ್ತೀರಾ?’ ಎಂಬ ಮಾತು ತವರು ಇದೆ, ತಾಯಿ ಇದ್ದಾರೆ, ಅವರು ಕರೆಯುತ್ತಾರೆ ಎಂದು ಮೊದಲೇ ತೀರ್ಮಾನಿಸಿಬಿಟ್ಟಿದೆ. ತಾಯಿ ಇಲ್ಲದವಳು, ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದವಳು, ಕೂಲಿಗೆಂದು ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದು ಹಿಂತಿರುಗುವ ಖರ್ಚಿಲ್ಲದವಳು ಅದಕ್ಕೆ ಸುಮ್ಮನಾಗುತ್ತಾರೆ. ‘ಹೆರಿಗೆ ಎಲ್ಲಿ ಅಂದ್ಕೊಂಡಿದ್ದೀರಾ?’ ಎಂದರೆ ಎಲ್ಲರಿಗೂ ಉತ್ತರವಿದೆ. ಸೀಮಂತ ಆಯ್ತಾ, ಕುಬಸ ಆತೇನ್ರಿ ಎಂಬ ಪ್ರಶ್ನೆಗಳಿಗೂ ಇದೇ ಎಚ್ಚರ ಬೇಕು.

ಇಷ್ಟೆಲ್ಲ ಕೇಳುವುದು ಅತಿಯಲ್ಲವೇ, ಬಸುರಿಯರ ವಿಷಯ ಹೊರಗೆ ಹೇಳಿದರೆ ದೃಷ್ಟಿಯಾಗುತ್ತದೆ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೂರು ತಿಂಗಳು ತುಂಬುವವರೆಗೆ ಸುದ್ದಿ ಹೊರಬಿಡದ ರೂಢಿಯಲ್ಲಿ, ಬಸಿರು ನಿಲ್ಲದಿದ್ದರೆ ಊರಿಗೆಲ್ಲ ಉತ್ತರ ಹೇಳುವ ನೋವು ತಪ್ಪಿಸುವ ವಿವೇಕವಿದೆ. ಅದಕ್ಕೇ ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಹೊಟ್ಟೆ ನೋಡಿ ಪ್ರಶ್ನೆ ಹೂಡುವುದನ್ನು ನಾನು ಒಪ್ಪುವುದಿಲ್ಲ. ನಾನು ಹೇಳುತ್ತಿರುವುದು ಒಂದೇ ಸಾಲಿನಲ್ಲಿ ಕೂತವರ ಮಾತು. ಅಲ್ಲಿಯೂ ಮೊದಲು ತನ್ನದನ್ನು ಹೇಳಿ ಆಮೇಲೆ ಕೇಳುವುದು ಸೌಜನ್ಯ. ‘ಅಕ್ಕಾ, ನಂಗಂತೂ ಸಾರಿನ ಒಗ್ಗರಣೆ ವಾಸನೆ ಕಂಡ್ರೆ ಆಗಲ್ಲ’ ಎಂದು ಸುಮ್ಮನಿದ್ದುಬಿಟ್ಟರೆ ಸಾಕು. ಬೇಕಿದ್ದವರು ಮಾತು ಮುಂದುವರಿಸುತ್ತಾರೆ. ಒಂದೇ ಪದದಲ್ಲಿ ಉತ್ತರಿಸಿ ಬೇರೆ ಕಡೆ ನೋಡುವವರು ಮಾತು ಬೇಡ ಎಂದು ಹೇಳಿದ್ದಾರೆ, ಅದನ್ನು ಗೌರವಿಸಬೇಕು.

ಮನೆಯಲ್ಲಿ ಅತ್ತೆ, ಅಮ್ಮ, ಓರಗಿತ್ತಿ ಇರುವಾಗ ಅಪರಿಚಿತರ ಗೆಳೆತನ ಯಾಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಹಿರಿಯರ ಅನುಭವಕ್ಕೆ ಬೆಲೆ ಕಟ್ಟಲಾಗದು. ಆದರೆ ಅವರು ಹೆತ್ತು ಮುಗಿಸಿದವರು, ಅವರಿಗೆ ಕಡೆಯ ಪುಟ ಗೊತ್ತಿದೆ. ಆದ್ದರಿಂದ ಅವರ ಮಾತು ಸಹಜವಾಗಿಯೇ ಬುದ್ಧಿವಾದವಾಗುತ್ತದೆ. ಮುಂದೇನು ಎಂದು ತಿಳಿಯದ ಇಬ್ಬರು ಮಾತ್ರ ಒಬ್ಬರ ಭಯವನ್ನು ಇನ್ನೊಬ್ಬರು ತಿದ್ದದೆ ಕೇಳಬಲ್ಲರು. ಪಪ್ಪಾಯಿ ತಿಂದರೆ ಹೀಗೆ, ಕೇಸರಿ ಹಾಲು ಕುಡಿದರೆ ಮಗು ಕೆಂಪಗೆ ಎಂಬ ಸುಳ್ಳುಗಳು ಬಸುರಿಯರ ಹರಟೆಯಿಂದಲೇ ಹಬ್ಬುತ್ತವೆ ಎಂದೂ ಹೇಳುತ್ತಾರೆ. ಅವು ಹಬ್ಬುವುದು ಸಲಹೆಯಿಂದ, ಪ್ರಶ್ನೆಯಿಂದಲ್ಲ. ಉತ್ತರದಲ್ಲಿ ರಕ್ತಸ್ರಾವ, ಕಣ್ಣು ಮಂಜಾಗುವ ತಲೆನೋವು, ಮಗುವಿನ ಚಲನೆ ಕಡಿಮೆಯಾದದ್ದು ಬಂದರೆ ಮಾತ್ರ ಮಾತು ನಿಲ್ಲಿಸಿ ‘ಈಗಲೇ ಸಿಸ್ಟರ್‌ಗೆ ಹೇಳಿ’ ಎನ್ನಬೇಕು, ಮನೆಯಲ್ಲಿದ್ದರೆ 108ಕ್ಕೆ ಕರೆ ಮಾಡಬೇಕು. ಉಳಿದಂತೆ ಸಲಹೆಯ ಗೊಡವೆಗೆ ಹೋಗದಿರುವುದೇ ಕ್ಷೇಮ.

ಹೆಂಗಸರು ಒಟ್ಟಿಗೆ ಕೂತು ಮಾತಾಡುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಸಾಕ್ಷ್ಯವಿದೆ. ಜಾರ್ಖಂಡ್ ಮತ್ತು ಒಡಿಶಾದ ಹಳ್ಳಿಗಳಲ್ಲಿ ಏಕ್‌ಜುಟ್ ಸಂಸ್ಥೆ ಮಹಿಳೆಯರ ಗುಂಪುಗಳನ್ನು ಕೂಡಿಸಿತು. ಅಲ್ಲಿ ಸ್ಥಳೀಯ ಹೆಂಗಸೊಬ್ಬಳು ಮಾತನ್ನು ನಡೆಸಿಕೊಡುತ್ತಿದ್ದಳು. ಕತೆ, ಆಟ, ಪ್ರಶ್ನೆಗಳ ಮೂಲಕ ಬಸಿರು ಬಾಣಂತನದ ತೊಡಕುಗಳನ್ನು ಅವರೇ ಗುರುತಿಸಿ ದಾರಿ ಹುಡುಕುತ್ತಿದ್ದರು. 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಸಾವು ಶೇ. 32ರಷ್ಟು ಕಡಿಮೆಯಿತ್ತು. ಅಮೆರಿಕದಲ್ಲಿ ಗರ್ಭಿಣಿಯರನ್ನು ಒಬ್ಬೊಬ್ಬರಾಗಿ ಕರೆಯುವ ಬದಲು ಗುಂಪಾಗಿ ಕೂರಿಸಿ ತಪಾಸಣೆ ಮಾಡಿದ 2007ರ ಅಧ್ಯಯನದಲ್ಲಿ, 1,047 ಮಂದಿಯ ಪೈಕಿ ಅವಧಿಗೆ ಮುಂಚಿನ ಹೆರಿಗೆ ಶೇ. 13.8ರ ಬದಲು 9.8 ಆಯಿತು. ನಂತರದ ಎಲ್ಲ ಅಧ್ಯಯನಗಳಲ್ಲಿ ಇದೇ ಫಲ ಕಂಡಿಲ್ಲ. ಇವು ಆಸ್ಪತ್ರೆಯ ಬೆಂಚಿನ ಹರಟೆಯೂ ಅಲ್ಲ, ವ್ಯವಸ್ಥಿತವಾಗಿ ನಡೆಸಿದ ಸಭೆಗಳು. ಆದ್ದರಿಂದ ಗೆಳೆತನ ಜೀವ ಉಳಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಸರಿಯಾಗಿ ಕೇಳಿದರೆ ಹೆಂಗಸರು ತಮಗೆ ಗೊತ್ತಿರುವುದನ್ನು ಹೇಳುತ್ತಾರೆ, ಹೇಳಿದ್ದು ಕೆಲಸಕ್ಕೆ ಬರುತ್ತದೆ, ಅಷ್ಟನ್ನು ಇವು ತೋರಿಸಿವೆ.

ಪರಿಚಯ ಗೆಳೆತನವಾಗಲು ಹೊತ್ತು ಬೇಕು ಎಂಬುದನ್ನೂ ಒಪ್ಪಲೇಬೇಕು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ ಲೆಕ್ಕದಲ್ಲಿ ಸಾಧಾರಣ ಸ್ನೇಹಕ್ಕೇ ಸುಮಾರು 50 ಗಂಟೆಗಳ ಒಡನಾಟ ಬೇಕು. ಪ್ರಶ್ನೆಯ ಕೆಲಸ ಎರಡನೆಯ ಭೇಟಿಯನ್ನು ಗಳಿಸಿಕೊಡುವುದು. ಭೇಟಿಯ ದಾರಿಗಳು ನಮ್ಮಲ್ಲಿ ಇವೆ: ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ತಪಾಸಣೆ ಒಂದು, ಅಂಗನವಾಡಿ ಇನ್ನೊಂದು. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿಯ ಊಟಕ್ಕೆ ಗರ್ಭಿಣಿ ಬಾಣಂತಿಯರನ್ನು ಒಂದೆಡೆ ಕೂರಿಸಲು ಹೊರಟಿತು. ಅದರ ಪೌಷ್ಟಿಕಾಂಶದ ಲೆಕ್ಕವನ್ನಷ್ಟೇ ನೋಡುವವರು ಆ ಜೊತೆಯೂಟದ ಬೆಲೆಯನ್ನು ಮರೆಯಬಾರದು.

ಹೆರಿಗೆಯಾದ ಮೇಲೆ ಕಾರ್ಡಿನ ಪ್ರಶ್ನೆಗಳು ಮತ್ತೆ ಮುತ್ತಿಕೊಳ್ಳುತ್ತವೆ: ಮಗು ಏನು, ತೂಕ ಎಷ್ಟು, ನಾರ್ಮಲ್ಲಾ ಸಿಸೇರಿಯನ್ನಾ. ದೇಶದಲ್ಲಿ ಐದು ಹೆರಿಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಿಸೇರಿಯನ್ ಆಗುತ್ತಿರುವಾಗಲೂ ಆ ಕೊನೆಯ ಪ್ರಶ್ನೆಯಲ್ಲಿ ಗೆದ್ದಳೋ ಸೋತಳೋ ಎಂಬ ಧ್ವನಿ ಇರುತ್ತದೆ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತಾಯಿ ಮಗುವನ್ನು ನೋಡುತ್ತಾರೆ. ಆ ದಿನಗಳ ನಡುವಿನ ರಾತ್ರಿಗಳಲ್ಲಿ ಎಚ್ಚರ ಇರುವವಳು ಅದೇ ತಿಂಗಳು ಹೆತ್ತ ಇನ್ನೊಬ್ಬಳು. ಅವಳು ಕಳಿಸುವ ಮೊದಲ ಸಂದೇಶದಲ್ಲಿ ಮಗುವಿನ ವಿಚಾರಣೆ ಬೇಡ, ಏಕೆಂದರೆ ಆ ಮಗು ಇನ್ನೂ ಎನ್‌ಐಸಿಯುನಲ್ಲಿ ಇರಬಹುದು, ಇಲ್ಲದೆಯೇ ಹೋಗಿರಬಹುದು. ‘ಎದ್ದು ಓಡಾಡೋಕಾಗ್ತಿದೆಯಾ? ಊಟ ಸೇರ್ತಿದೆಯಾ?’ ಎಂದು ಕೇಳಿದರೆ ಯಾವ ತಾಯಿಯಾದರೂ ಉತ್ತರಿಸಬಲ್ಲಳು, ಮಗುವಿನ ವಿಷಯವನ್ನು ಹೇಳಬೇಕೆನಿಸಿದಾಗ ಅವಳೇ ಹೇಳುತ್ತಾಳೆ.