ರಿಗ್ಗಿನ ಹಿಂದೆ ನಿಂತವನ ಕಸುಬು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್ ಕೊರೆಸಿ ನೀರು ಬಿದ್ದರೆ ಹೊಗಳಿಕೆಯೆಲ್ಲ ಪಾಯಿಂಟು ನೋಡಿಕೊಟ್ಟವರಿಗೆ. ನನ್ನ ಮೆಚ್ಚುಗೆ ಲಿವರ್ ಹಿಡಿದು ನಿಲ್ಲುವ ಡ್ರಿಲ್ಲರಿಗೆ. ಬೋರ್ ಕೊರೆಯುವ ಎಷ್ಟೋ ರಿಗ್ ಲಾರಿಗಳು ಬರುವುದು ತಮಿಳುನಾಡಿನ ತಿರುಚೆಂಗೋಡಿನಿಂದ; ರಿಗ್ ಉದ್ಯಮಕ್ಕೇ ಹೆಸರಾದ ಊರು ಅದು.

ಮೊದಲು ಮೇಲ್ಮಣ್ಣು, ಮೆತ್ತನೆ ಕಲ್ಲು. ಕೇಸಿಂಗ್ ಪೈಪನ್ನು ಗಟ್ಟಿಬಂಡೆಯಲ್ಲಿ ಭದ್ರವಾಗಿ ಕೂರಿಸದಿದ್ದರೆ ಮಣ್ಣು ಕುಸಿದು ಕೊಳವೆ ಹೂತುಹೋಗುತ್ತದೆ. ಆಮೇಲಿನದು ಕಂಪ್ರೆಸರ್ ಗಾಳಿಯ ಕೆಲಸ. ರಾಡುಗಳ ಒಳಗಿನಿಂದ ಇಳಿದ ಗಾಳಿಯೇ ತಳದ ಹ್ಯಾಮರನ್ನು ಬಡಿಸುತ್ತದೆ, ಪುಡಿಯಾದ ಕಲ್ಲನ್ನು ಮೇಲಕ್ಕೂ ಎಸೆಯುತ್ತದೆ. ಹ್ಯಾಮರಿನ ತುದಿಯ ಬಿಟ್‌ನಲ್ಲಿರುವ ಟಂಗ್‌ಸ್ಟನ್ ಕಾರ್ಬೈಡ್ ಗುಂಡಿಗಳು ಗ್ರಾನೈಟನ್ನು ಜಜ್ಜುತ್ತಲೇ ಇರುತ್ತವೆ.

ಡ್ರಿಲ್ಲರಿಗೆ ಒಳಗಿನದೇನೂ ಕಾಣದು. ಹ್ಯಾಮರಿನ ಸದ್ದು, ರಾಡಿನ ಅದುರು, ಧೂಳಿನ ಬಣ್ಣ: ಸುಳಿವು ಇಷ್ಟೇ. ಈ ಸೀಮೆಯಲ್ಲಿ ನೀರಿರುವುದು ಬಂಡೆಯ ಬಿರುಕುಗಳಲ್ಲಿ. ರಾಡು ತಟ್ಟನೆ ಜಾರಿದರೆ ಬಿರುಕು ಸಿಕ್ಕಿರಬಹುದು. ಒಣಧೂಳು ತೇವವಾಗಿ ಉಂಡೆಗಟ್ಟಿದರೆ ನೀರು ಹತ್ತಿರ. ಅಪಾಯವೂ ಅಲ್ಲೇ. ಆ ಕೆಸರು ಸುತ್ತ ಕಚ್ಚಿಕೊಂಡರೆ ರಾಡುಗಳೆಲ್ಲ ಒಳಗೇ ಸಿಕ್ಕಿಬೀಳುತ್ತವೆ. ನೀರು ಬಿಟ್ಟು, ಎತ್ತಿ ಇಳಿಸಿ, ಊದಿ ತೊಳೆದು ಮುಂದುವರಿಯುವುದರಲ್ಲಿ ಅನುಭವಿಯ ಕೈ ಎದ್ದು ಕಾಣುತ್ತದೆ.

ಕೊರೆದಷ್ಟೂ ಅಡಿಗೆ ಇಷ್ಟೆಂದು ದುಡ್ಡು ಬರುವ ಕಸುಬಿದು. ಆದರೂ "ಸಾಕು ಸ್ವಾಮಿ, ಇನ್ನು ಬರೀ ಬಂಡೆ" ಎಂದು ತಾನಾಗಿ ನಿಲ್ಲಿಸುವ ಡ್ರಿಲ್ಲರುಗಳಿದ್ದಾರೆ. ಬರಿದಾದ ಕೊಳವೆಬಾವಿಯನ್ನು ಮುಚ್ಚಲೇಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಸೂಚಿಸಿದೆ. ಯಾರೂ ಹೇಳದೆಯೇ ಆ ಬಾಯಿ ಮುಚ್ಚಿಸಿ ಹೊರಡುವ ತಂಡಕ್ಕೆ ಕೂಲಿಯ ಜೊತೆ ಒಂದು ನಮಸ್ಕಾರವೂ ಸಲ್ಲಬೇಕು.