ಮುದ್ರಾಮಂಜೂಷವೂ ರಾಜರಹಸ್ಯವೂ

ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನು ಈ ಮಳೆಗಾಲದಲ್ಲಿ ನಾರ್ವೆಯ ಮನೆಯೊಂದರಲ್ಲಿ ನಾವು ಕೆಲವರು ಕೂಡಿ ಓದಿದೆವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಹುಟ್ಟಿದ ಈ ಗದ್ಯಗ್ರಂಥವನ್ನು ಹಳಗನ್ನಡ ಹೊಸಗನ್ನಡಗಳ ಸಂಧಿಕಾಲದ ಮಾದರಿಯೆಂದು ಹೊಗಳಿ ಮುಂದೆ ಸಾಗುವುದು ನಮ್ಮ ವಿಮರ್ಶಕರ ವಾಡಿಕೆ. ಅದು ಸುಳ್ಳಲ್ಲ, ಸಮಾಸಗಳು ಬೆಳೆದೆಡೆಯಲ್ಲಿ ಓದುವವನ ಉಸಿರು ಕಟ್ಟುವುದೂ ಸುಳ್ಳಲ್ಲ. ಆದರೆ ಕಥೆಯ ಜೀವಾಳವಿರುವುದು ಭಾಷೆಯಲ್ಲಲ್ಲ. ರಾಜದ್ರೋಹದ ಅಪವಾದವನ್ನು ಯಾವ ಕುರುಹಿನಿಂದ ನಿರ್ಣಯಿಸಬೇಕೆಂಬ ಪ್ರಶ್ನೆಯಲ್ಲಿ.

ವಿಶಾಖದತ್ತನ ನಾಟಕದಿಂದ ಬಂದ ಆ ಕಥೆಯನ್ನು ವಾಚಕರು ಬಲ್ಲರು. ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರುತ್ತದೆ. ಆತನು ಶಕಟದಾಸನಿಂದ ಹೆಸರಿಲ್ಲದ ಓಲೆಯೊಂದನ್ನು ಬರೆಯಿಸಿ, ಆ ಮುದ್ರೆಯನ್ನೊತ್ತಿ, ಅದು ಮಲಯಕೇತುವಿನ ಕಣ್ಣಿಗೆ ಬೀಳುವಂತೆ ಮಾಡುತ್ತಾನೆ. ರಾಕ್ಷಸನು ಹಗೆಯೊಡನೆ ಒಳಸಂಚು ನಡೆಸಿದನೆಂದು ಮಲಯಕೇತು ನಂಬಿಬಿಡುತ್ತಾನೆ. ಅಕ್ಷರ ಶಕಟದಾಸನದೇ, ಮುದ್ರೆ ರಾಕ್ಷಸನದೇ; ಎರಡೂ ದಿಟ, ಓಲೆ ಮಾತ್ರ ಸಟೆ. ಮುದ್ರೆಯನ್ನು ನೋಡಿದವನು ಮನುಷ್ಯನನ್ನು ನೋಡಲಿಲ್ಲ.

ಇದನ್ನು ಓದುವಾಗ ನಮ್ಮ ಕಾಲದ ಶಾಸನವೊಂದು ನೆನಪಾಗದೆ ಇರದು. ಬ್ರಿಟಿಷರು 1923ರಲ್ಲಿ ಮಾಡಿದ ಸರ್ಕಾರಿ ರಹಸ್ಯಗಳ ಕಾಯಿದೆ ಇಂದಿಗೂ ಜಾರಿಯಲ್ಲಿರುವುದು. ಅದರ 3ನೆಯ ಪ್ರಕರಣ ಗೂಢಚರ್ಯೆಯನ್ನು ಕುರಿತದ್ದು. ದೇಶರಕ್ಷಣೆಗೆ ಸಂಬಂಧಿಸಿದ್ದಾದರೆ 14 ವರ್ಷದವರೆಗೆ ಸೆರೆ. ಇದಕ್ಕೆ ನಮ್ಮ ಆಕ್ಷೇಪವಿಲ್ಲ. ತೊಡಕಿರುವುದು 5ನೆಯದರಲ್ಲಿ. ಹುದ್ದೆಯ ದೆಸೆಯಿಂದ ತಿಳಿದ ಗುಟ್ಟನ್ನು ಸಲ್ಲದವರಿಗೆ ತಿಳಿಸಿದವನಿಗೂ, ತಿಳಿದು ತಿಳಿದೂ ಅದನ್ನು ಪಡೆದವನಿಗೂ 3 ವರ್ಷದವರೆಗೆ ಸೆರೆಯುಂಟು. ಆದರೆ ರಹಸ್ಯವೆಂದರೇನೆಂಬ ಲಕ್ಷಣವನ್ನು ಕಾಯಿದೆ ಎಲ್ಲಿಯೂ ಹೇಳಿಲ್ಲ. ಲಕ್ಷಣ ಹೇಳದೆ ದೋಷ ಹಿಡಿಯುವುದು ಅಲಂಕಾರಶಾಸ್ತ್ರದಲ್ಲಿಯೂ ಸಲ್ಲದು! 2005ರ ಮಾಹಿತಿ ಹಕ್ಕಿನ ಕಾಯಿದೆಯು, ಹಾನಿಗಿಂತ ಸಾರ್ವಜನಿಕ ಹಿತವು ಮಿಗಿಲಾದಲ್ಲಿ ಹಳೆಯ ಕಾಯಿದೆ ಅಡ್ಡವಿದ್ದರೂ ಮಾಹಿತಿಯನ್ನು ಕೊಡಬಹುದೆಂದು ಹೇಳಿ ಇದನ್ನು ಕೊಂಚ ತಿದ್ದಿತು.

1994ರಲ್ಲಿ ಕೇರಳದ ಪೋಲೀಸರು ಇಸ್ರೋದ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು, ರಾಕೆಟ್ಟಿನ ಗುಟ್ಟನ್ನು ಪರದೇಶಕ್ಕೆ ಮಾರಿದರೆಂದು ಇದೇ ಕಾಯಿದೆಯ ಮೊಕದ್ದಮೆಯಲ್ಲಿ ಹಿಡಿದರು. ಮಾರಿದರೆನ್ನಲಾದ ಕ್ರಯೋಜನಿಕ್ ಎಂಜಿನ್ನಿನ ವಿದ್ಯೆ ಅಂದಿಗೆ ನಮ್ಮ ದೇಶಕ್ಕೇ ಕರಗತವಾಗಿರಲಿಲ್ಲ. ಬೆಂಗಳೂರಿನವರೂ ಆ ಬಲೆಯಲ್ಲಿ ಸಿಕ್ಕಿದರು. 1996ರಲ್ಲಿ ಸಿ.ಬಿ.ಐ. ಆರೋಪವು ಸುಳ್ಳೆಂದು ವರದಿಮಾಡಿತು. ಸರ್ವೋಚ್ಚ ನ್ಯಾಯಾಲಯವು ನಂಬಿ ನಾರಾಯಣನ್‌ರಿಗೆ 50 ಲಕ್ಷ ರೂಪಾಯಿ ಪರಿಹಾರ ವಿಧಿಸುವ ವೇಳೆಗೆ 2018 ಬಂದಿತ್ತು. ಮಲಯಕೇತುವಾದರೋ ತನ್ನ ತಪ್ಪನ್ನು ಅರಿಯಲು ಇಷ್ಟು ಕಾಲ ತೆಗೆದುಕೊಳ್ಳಲಿಲ್ಲ.

ಹಾಗೆಂದು ಈ ಕಥೆಯು ಗುಟ್ಟಿಗೆ ಹಗೆಯೇನೂ ಅಲ್ಲ. ರಾಕ್ಷಸನ ಹೆಂಡಿರು ಮಕ್ಕಳನ್ನು ಬಚ್ಚಿಟ್ಟ ಚಂದನದಾಸನು ಶೂಲದೆಡೆಗೆ ನಡೆದನೇ ಹೊರತು ಬಾಯಿ ಬಿಡಲಿಲ್ಲ. ಕಾಯಬೇಕಾದ ಜೀವಗಳಿದ್ದುದರಿಂದ ಆತನ ಮೌನಕ್ಕೆ ಬೆಲೆ ಬಂದಿತು. ಅದರ ಮೇಲೆ ಯಾರ ಮುದ್ರೆಯೂ ಇರಲಿಲ್ಲ. ನಮ್ಮ ಕೂಟದ ಹಿರಿಯರೊಬ್ಬರು ಈ ಭಾಗವನ್ನು ಎರಡನೆಯ ಸಲ ಓದಿಸಿದರು. ಪಠ್ಯಪುಸ್ತಕಗಳಿಗೆ ಈ ಗ್ರಂಥದಿಂದ ಭಾಗಗಳನ್ನು ಆರಿಸುವವರು ಬರಿಯ ವರ್ಣನೆಗಳನ್ನು ಬಿಟ್ಟು ಚಂದನದಾಸನ ಪ್ರಸಂಗವನ್ನೇ ಆರಿಸಲೆಂದು ಕೋರುತ್ತೇವೆ.